ಎಂಥಾ ಕಪ್ಪು?

ಮಲಪ್ರಭೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಶಂಭಯ್ಯಜ್ಜ ಅಲ್ಲಿಯ ಹಿರಿಯರು. ಪುರಾಣ ಹೇಳುವುದರಲ್ಲೂ ಅವರಿಗೆ ಹೆಸರಿತ್ತು. ಆದರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಹೊಟ್ಟೆಯ ರೋಗದ ಮದ್ದಿಗೆ.

ದೂರದ ರೋಗಿಗಳು ಮಠದ ಪಡಸಾಲೆಯಲ್ಲೇ ಉಳಿಯುತ್ತಿದ್ದರು, ದಾಸೋಹದಲ್ಲಿ ಉಣ್ಣುತ್ತಿದ್ದರು. ಬೆಳಿಗ್ಗೆ ಎದ್ದು ಹೊಳೆಯ ಕಡೆಗೋ ಹೊಲದ ಕಡೆಗೋ ಹೋಗುವಂತಿರಲಿಲ್ಲ. ಅದು ಅಜ್ಜನ ಕಟ್ಟಪ್ಪಣೆ.

ಮಠದ ಹಿಂದೆ, ಬೇವಿನ ಮರದ ಆಚೆ, ತಟ್ಟಿ ಕಟ್ಟಿದ ಮರೆಗಳಿದ್ದವು. ಪ್ರತಿ ಮರೆಯಲ್ಲೂ ಒಂದು ಒಡೆದ ಮಡಕೆಯ ತಳ, ಪಕ್ಕದಲ್ಲಿ ಒಂದು ಬುಟ್ಟಿ ಒಲೆಬೂದಿ. ರೋಗಿ ಅಲ್ಲೇ ಕೂತೇಳಬೇಕು. ವೈದ್ಯ ಹೋಗಿ ನೋಡಬೇಕು. ನೋಡಿದ ಮೇಲೆ ಬೂದಿ ಮುಚ್ಚಿ, ಗುಂಡಿಗೆ ಹಾಕಿ, ಮಣ್ಣೆಳೆಯಬೇಕು. ನಾಡಿ ಹಿಡಿಯುವುದು ಆಮೇಲಿನ ಮಾತು.

ನೋಡುವ ಈ ಕೆಲಸ ಶಿಷ್ಯ ರಾಚಯ್ಯನ ಪಾಲಿಗೆ ಬಂದಿತ್ತು.

ರಾಚಯ್ಯ ಜಾಣ. ಒಮ್ಮೆ ಕೇಳಿದ್ದು ಮರೆಯುವವನಲ್ಲ. ನಾಡಿಯ ಮೇಲೆ ಬೆರಳಿಟ್ಟರೆ ಅಜ್ಜನೇ ತಲೆದೂಗುವಂತೆ ಹೇಳುತ್ತಿದ್ದ. ಮೂಗು ಮಾತ್ರ ಅರಮನೆಯಲ್ಲಿ ಹುಟ್ಟಿದ್ದು. ಮರೆಯ ಹೊರಗೇ ನಿಂತು, ಉಸಿರು ಬಿಗಿಹಿಡಿದು, ಮುಖ ಅತ್ತ ತಿರುಗಿಸಿ, ಕೈತುಂಬ ಬೂದಿ ಎರಚುತ್ತಿದ್ದ. ಎರಚಿಯಾದ ಮೇಲೆ ನೋಡುತ್ತಿದ್ದ. ಬೂದಿ ಚೆನ್ನಾಗಿಯೇ ಕಾಣುತ್ತಿತ್ತು.

ಕೆಲಸಕ್ಕೆ ಕೆಲಸವೂ ಆಯಿತು, ಹೇಸಿಗೆಯೂ ತಪ್ಪಿತು. ಅದರಲ್ಲಿ ತಪ್ಪೇನಿದೆ ಎಂದು ಪಾಪ ಅವನಿಗೆ ಹೊಳೆದಿರಲೇ ಇಲ್ಲ.

ಒಂದು ದಿನ ಅಜ್ಜ ಹೊಳೆಯ ನೀರಲ್ಲಿ ಬೇರು ತೊಳೆಯುತ್ತ ಕೂತಿದ್ದರು. ರಾಚಯ್ಯ ಮೆಲ್ಲಗೆ ಬಾಯಿಬಿಟ್ಟ.

“ಅಜ್ಜಾರ, ನಾಡಿ ಹಿಡಿದ್ರ ಎಲ್ಲಾ ತಿಳೀತೈತಿ. ಮತ್ತ ಆ ಹೊಲಸು ಯಾಕ ನೋಡಬೇಕ್ರಿ?”

“ಮುಂಜಾನಿ ಏನ್ ಉಂಡಿ?”

“ಜ್ವಾಳದ ರೊಟ್ಟಿ, ಹೆಸರುಕಾಳ ಪಲ್ಯೆ.”

“ಹೊಲಸಿತ್ತೇನು?”

“ಇಲ್ರಿ! ನಮ್ಮ ಅಡಗಿ ನೀಲವ್ವನ ಕೈಯಾಗಿನ ರೊಟ್ಟಿ ಹೊಲಸು ಅಂದ್ರ ನಾಲಿಗಿ ಬಿದ್ದ ಹೋಗ್ತೈತಿ.”

“ಅದ ರೊಟ್ಟಿ ನಾಳಿ ಹೊರಗ ಬರ್ತೈತಿ. ನಿನ್ನ ಒಳಗೆಲ್ಲಾ ಅಡ್ಡಾಡಿ ಬರ್ತೈತಿ. ಅಲ್ಲಿ ಏನ್ ಕಂಡಿ ಅಂತ ಅದನ್ನ ಯಾರು ಕೇಳಾವ್ರು?”

ರಾಚಯ್ಯ ತಲೆಯಾಡಿಸಿದ. ಒಪ್ಪಿಗೆಯಾಗಿ ಅಲ್ಲ, ಎದುರಾಡಬಾರದೆಂದು.

ಸ್ವಲ್ಪ ದಿನಕ್ಕೆ ಕುರಿಕಾಯುವ ಬೀರಪ್ಪ ಓಡಿಬಂದ. ಹೆಗಲ ಮೇಲಿನ ಕಂಬಳಿ ನೆಲಕ್ಕೆ ಎಳೆಯುತ್ತಿತ್ತು. ಕಣ್ಣಲ್ಲಿ ಧಾರಾಕಾರ ನೀರು.

“ಅಯ್ಯಾರ, ನಾ ಉಳಿಯಂಗಿಲ್ಲ! ಬಯಲಕಡಿ ಹೋಗಿದ್ದೆ, ಬರೇ ಕೆಂಪು, ಬರೇ ರಕ್ತ! ಒಳಗ ಏನೋ ಹರದೈತಿ. ಕುರಿ ಎಲ್ಲಾ ತಮ್ಮಗ ಒಪ್ಪಿಸಿ ಬಂದೀನಿ.”

ಅಜ್ಜ ಪೂಜೆಯಲ್ಲಿದ್ದರು. ರಾಚಯ್ಯ ಗಂಭೀರವಾಗಿ ನಾಡಿ ಹಿಡಿದ. ಗುಡ್ಡದಿಂದ ಓಡಿಬಂದವನ ನಾಡಿ, ಹಾರದೆ ಇನ್ನೇನು ಮಾಡೀತು?

“ರಕ್ತಾತಿಸಾರ,” ಎಂದ ರಾಚಯ್ಯ. ದಾಳಿಂಬೆ ಸಿಪ್ಪೆಯ ಕಷಾಯ ಒಲೆಯ ಮೇಲೇರಿತು. ಬೀರಪ್ಪ ಇನ್ನೂ ಜೋರಾಗಿ ಅಳತೊಡಗಿದ.

ಅಜ್ಜ ಪೂಜೆ ಮುಗಿಸಿ ಬಂದರು. ಬೀರಪ್ಪನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತರು.

“ನಾಲಿಗಿ ತಗಿ.”

ನಾಲಿಗೆ ಕೆಂಪು, ತುಟಿ ಕೆಂಪು, ಬೆರಳ ತುದಿಯೂ ಕೆಂಪು.

“ಪಾಪಾಸುಕಳ್ಳಿ ಹಣ್ಣು ಎಷ್ಟ ತಿಂದೆಪಾ?”

“ಭಾಳ ಹಸಿದಿದ್ದೆನ್ರಿ. ಗುಡ್ಡದಾಗ ಬ್ಯಾರೆ ಏನ್ ಸಿಗತೈತಿ? ಹೊಟ್ಟಿ ತುಂಬ ತಿಂದೆ.”

“ಹೊಟ್ಟಿ ನೋಯ್ತೈತೇನು? ತಲಿ ತಿರಗತೈತೇನು?”

“ಅಂಥಾದ್ದೇನಿಲ್ರಿ. ಅಂಜಿಕಿ ಅಷ್ಟ.”

“ಹಣ್ಣಿನ ಬಣ್ಣ ಅದು. ನಾಳೆ ನಾಡಿದ್ದು ಹೋಗ್ತೈತಿ. ಹೋಗಲಿಲ್ಲಂದ್ರ ಮತ್ತ ಓಡಿ ಬಾ. ಈಗ ತಮ್ಮನ ಕಡಿಂದ ಕುರಿ ವಾಪಸ್ ಇಸ್ಕೋ ಹೋಗು.”

ಪಡಸಾಲೆಯಲ್ಲಿದ್ದ ರೋಗಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀರಪ್ಪ ಅಳುತ್ತಲೇ ನಕ್ಕ. ರಾಚಯ್ಯ ಸದ್ದಿಲ್ಲದೆ ಹೋಗಿ ಕಷಾಯ ಇಳಿಸಿದ.

“ಬಣ್ಣ ಕಂಡ ಕೂಡ್ಲೇ ರೋಗ ಅನ್ನಬ್ಯಾಡ,” ಎಂದರು ಅಜ್ಜ. “ಏನ್ ತಿಂದಾನ, ಏನ್ ಔಷಧ ತಗೊಂಡಾನ, ಕೇಳು. ಸೊಪ್ಪು ತಿಂದ್ರ ಹಸರಾಗ್ತೈತಿ. ಲೋಹಭಸ್ಮ ಕೊಟ್ರ ಕರ್ರಗಾಗ್ತೈತಿ.”

ಈ ಮಾತು ರಾಚಯ್ಯನಿಗೆ ಬಹಳ ಹಿಡಿಸಿತು.

ಅದಾದ ಮೇಲೆ ಬೈಲಹೊಂಗಲದ ಕಡೆಯ ಒಬ್ಬ ಬಡಿಗೇರ ಬಂದ. ಹೊಟ್ಟೆ ಸರಿಯಿಲ್ಲ, ಹೊರಗೆ ಹೋದದ್ದು ಸುಣ್ಣದ ಮಣ್ಣಿನ ಹಾಗೆ ಬೆಳ್ಳಗಿರುತ್ತದೆ ಎಂದ. ರಾಚಯ್ಯ ಮುಂದೆ ಬಂದು, “ಏನ್ ತಿಂದಿದ್ದಿ?” ಎಂದು ಶುರುಮಾಡಿದ.

ಅಜ್ಜ ಬಡಿಗೇರನ ಗಲ್ಲ ಹಿಡಿದು ಮುಖ ಬಿಸಿಲಿಗೆ ತಿರುಗಿಸಿದರು. ಕಣ್ಣು ಅರಿಸಿನ ಹಚ್ಚಿದಂತಿತ್ತು.

“ಅನ್ನಕ್ಕ ಬಣ್ಣ ಹಚ್ಚೋದು ಪಿತ್ತ. ಅದು ಹೊಟ್ಟಿಗೆ ಇಳೀವಲ್ದು, ಮೈಗೆ ಏರಾಕತ್ತೈತಿ. ಎಲ್ಲೋ ದಾರಿ ಕಟ್ಟೈತಿ. ಇದು ನನ್ನ ಕೈಯಾಗಿನ ಕೆಲಸ ಅಲ್ಲ.”

ಅಂದೇ ಅವನನ್ನು ಊರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ರಾಚಯ್ಯ ಕೇಳಿದ: “ಒಮ್ಮೆ ಬಣ್ಣ ಸುಳ್ಳು ಅಂತೀರಿ, ಒಮ್ಮೆ ಖರೆ ಅಂತೀರಿ. ನಾ ಯಾವುದನ್ನ ನಂಬಬೇಕ್ರಿ?”

“ಬಣ್ಣಾನೂ ನಂಬಬ್ಯಾಡ, ನಿನ್ನ ನೀನೂ ನಂಬಬ್ಯಾಡ. ನೋಡು.”

ಎರಡು ಪಾಠ ಹೇಳಿಕೊಟ್ಟರೆ ಮನುಷ್ಯ ತನಗೆ ಅನುಕೂಲವಾದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ರಾಚಯ್ಯ ಬೀರಪ್ಪನನ್ನು ಇಟ್ಟುಕೊಂಡ, ಬಡಿಗೇರನನ್ನು ಬಿಟ್ಟ.

ಶ್ರಾವಣ ಬಂತು. ಅಜ್ಜ ಬೇರೆ ಊರಿನ ಮಠಕ್ಕೆ ಪುರಾಣ ಹೇಳಲು ಹೊರಟರು. ಹೊರಡುವಾಗ ರಾಚಯ್ಯನ ತಲೆಯ ಮೇಲೆ ಕೈಯಿಟ್ಟರು.

“ನಾ ಬರೂತನಾ ಮಠ ನಿಂದು. ಚಂದಂಗಿ ನಡಿಸಿದಿ ಅಂದ್ರ, ಬಂದ ಮ್ಯಾಲೆ ನಿನ್ನ ಊರಾಗ ವೈದ್ಯ ಆಗಿ ಕೂಡಾಕ ಅಪ್ಪಣಿ ಕೊಡ್ತೀನಿ.”

ರಾಚಯ್ಯನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇದಕ್ಕಾಗಿಯೇ ಅಲ್ಲವೇ ಅವನು ಅಷ್ಟು ವರ್ಷ ಬೇರು ಅರೆದದ್ದು?

ದಾಸೋಹದ ಅಡುಗೆ ನೀಲವ್ವನದು. ರಾಚಯ್ಯ ಮೊದಲ ಸಲ ಮಠಕ್ಕೆ ಬಂದಾಗ ಮನೆ ನೆನೆಸಿಕೊಂಡು ಅತ್ತವನನ್ನು ಒಲೆಯ ಮುಂದೆ ಕೂರಿಸಿ ಬಿಸಿ ರೊಟ್ಟಿ ತಿನ್ನಿಸಿದವಳು ಅವಳೇ. ಇವತ್ತಿಗೂ ಮೊಸರಿನ ಕೆನೆ ಅವನ ತಾಟಿಗೇ ಬೀಳುತ್ತಿತ್ತು. ಹೆತ್ತ ತಾಯಿಯ ನಂತರ ಅವನಿಗೆ ಲೋಕದಲ್ಲಿ ಅವಳಷ್ಟು ಬೇಕಾದವರು ಇನ್ನೊಬ್ಬರಿರಲಿಲ್ಲ.

ಈಚೆಗೆ ನೀಲವ್ವನಿಗೆ ಕೊಡ ಎತ್ತಿದರೆ ಏದುಸಿರು. ರೊಟ್ಟಿ ಬಡಿಯುತ್ತ ನಡುನಡುವೆ ಗೋಡೆಗೆ ಒರಗುತ್ತಿದ್ದಳು. ರಾಚಯ್ಯ ನಾಡಿ ಹಿಡಿದ. ರೆಪ್ಪೆ ಎಳೆದು ನೋಡಿದ. ಒಳಗೆ ಬಿಳಿಚಿತ್ತು.

“ರಕ್ತ ಕಡಿಮಿ ಆಗೇತಿ ನೀಲವ್ವ.” ಅದು ಸರಿಯಾಗಿಯೇ ಇತ್ತು.

ಲೋಹಭಸ್ಮ ಜೇನಿನಲ್ಲಿ ಕಲಸಿ ಕೊಟ್ಟ. ಪಡಸಾಲೆಯಲ್ಲಿ ರಕ್ತ ಕಡಿಮೆಯಾಗಿ ಬಂದಿದ್ದ ಒಬ್ಬ ಬಾಣಂತಿಗೂ ಅದೇ ಔಷಧ ನಡೆದಿತ್ತು. ಅವಳು ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದಳು. ಇನ್ನೇನು, ನೀಲವ್ವನೂ ಗೆಲುವಾಗುತ್ತಾಳೆ.

ಔಷಧ ತೊಡಗಿದ ಮೇಲೆ ಮಠದ ಪದ್ಧತಿ ಅವಳಿಗೂ ಬಂತು. ನಾಚಿಕೊಂಡೇ ಬೇವಿನ ಮರದ ಆಚೆ ಹೋದಳು. ರಾಚಯ್ಯ ಬೆಳಿಗ್ಗೆ ಬೆಳಿಗ್ಗೆ ಉಸಿರು ಹಿಡಿದು ಬೂದಿ ಎರಚಿದ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ನೀಲವ್ವ ಸಾರು ಬಡಿಸುತ್ತ ದನಿ ತಗ್ಗಿಸಿದಳು.

“ಅಯ್ಯಾರ, ಹೊರಗ ಹೋದ್ರ ಭಾಳ ಕರ್ರಗ ಹೋಗಾಕತ್ತೈತ್ರಿ.”

“ಅದು ಲೋಹದ ಬಣ್ಣ ನೀಲವ್ವ. ಅಜ್ಜಾರ ಹೇಳ್ಯಾರ. ಬೀರಪ್ಪ ನೆನಪಿಲ್ಲೇನು?”

ನೀಲವ್ವನಿಗೆ ನಗು ಬಂತು. ಆದರೂ ಸೌಟು ಹಿಡಿದು ಅಲ್ಲೇ ನಿಂತಳು.

“ಖರೆ ಅನ್ರಿ. ಆದ್ರ ಅದರ ವಾಸನಿ ಒಂದ ನಮೂನಿ...”

ರಾಚಯ್ಯನ ಕೈಯ ತುತ್ತು ಬಾಯ ಹತ್ತಿರ ನಿಂತಿತು. ಮುಖ ಹಿಂಡಿದ.

“ಯವ್ವಾ, ಉಣ್ಣೂ ಹೊತ್ತಿನಾಗ ಆ ಮಾತು ಬ್ಯಾಡ! ಏನೂ ಆಗೂದಿಲ್ಲ, ಅಂಜಬ್ಯಾಡ.”

“ಹೌದ್ರಿ, ತಪ್ಪಾತು,” ಎಂದು ಅವಳು ಕೆನೆ ತರಲು ಒಳಗೆ ಹೋದಳು.

ಆಮೇಲೆ ಆ ಮಾತು ಎತ್ತಲಿಲ್ಲ. ಅಯ್ಯಾರು ಹೇಳಿದ ಮೇಲೆ ಮುಗಿಯಿತು.

ಶ್ರಾವಣ ಮುಗಿಸಿ ಅಜ್ಜ ಬಂದರು. ನೀಲವ್ವ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಂದಳು. ತಂಬಿಗೆ ನಡುಗಿ ಅರ್ಧ ನೀರು ಅಂಗಳಕ್ಕೆ ಚೆಲ್ಲಿತು. ಅಜ್ಜ ಅವಳ ಉಗುರು ನೋಡಿದರು, ಮುಖ ನೋಡಿದರು. ಅವಳು ಒಳಗೆ ಹೋದ ಮೇಲೆ ರಾಚಯ್ಯನನ್ನು ಕೇಳಿದರು.

“ಏನಾಗೇತಿ ಅಕಿಗೆ?”

“ರಕ್ತ ಕಡಿಮಿ ಆಗೇತ್ರಿ ಅಜ್ಜಾರ. ಲೋಹಭಸ್ಮ ಕೊಡಾಕತ್ತೀನಿ.”

“ಹೊರಗ ಹೆಂಗ ಹೋಗ್ತೈತಿ?”

“ಕರ್ರಗ. ಲೋಹದ ಗುಣ ಅದು.”

“ನೋಡಿಯೇನು?”

“ದಿನಾ ನೋಡೀನ್ರಿ.” ಬೂದಿ ಎರಚಿದ ಮೇಲೆ ನೋಡಿದ್ದೂ ನೋಡಿದ್ದೇ ಅಲ್ಲವೇ?

“ಎಂಥಾ ಕಪ್ಪು?”

“ಕಪ್ಪು ಅಂದ್ರ ಕಪ್ಪು, ಅಜ್ಜಾರ.”

ಅಜ್ಜ ಕಾಲು ತೊಳೆಯಲಿಲ್ಲ. ಹೊಸ್ತಿಲು ದಾಟಲಿಲ್ಲ. ನೇರ ಹಿತ್ತಲಿಗೆ ನಡೆದರು. ಬೆಳಗಿನ ಕೆಲಸ ರಾಚಯ್ಯ ಅಂದು ಇನ್ನೂ ಮಾಡಿರಲಿಲ್ಲ, ಅಜ್ಜ ಬರುವ ಸಡಗರದಲ್ಲಿ ತಡವಾಗಿತ್ತು.

“ಇದು ಯಾರದು?”

“ಬಾಣಂತೀದ್ರಿ.”

“ಅದು?”

“ನೀಲವ್ವಂದು.”

“ಕೂಡು. ನೋಡಿ ಹೇಳು.”

ರಾಚಯ್ಯ ಮೂಗು ಮುಚ್ಚಲು ಕೈ ಎತ್ತಿದ. ಅಜ್ಜ ಆ ಕೈಗೆ ಒಂದು ಬೇವಿನ ಕಡ್ಡಿ ಕೊಟ್ಟರು.

ಮೊದಲನೆಯದು ಗಟ್ಟಿಯಾಗಿತ್ತು. ಕಪ್ಪೇ, ಆದರೆ ಮಂಕು ಕಪ್ಪು, ಬಿಸಿಲಿಗೆ ಹಿಡಿದರೆ ಒಳಗೆ ಹಸಿರು ಛಾಯೆ. ನೀರು ಹನಿಸಿದಾಗ ನೀರೂ ಹಸಿರುಗಪ್ಪಾಯಿತು. ವಾಸನೆ ಎಲ್ಲರದೂ ಹೇಗಿರುತ್ತದೋ ಹಾಗೆ.

ಎರಡನೆಯದರ ಹತ್ತಿರ ಹೋಗುವ ಮೊದಲೇ ನಾತ ಬಡಿಯಿತು. ಅಂಥ ನಾತ ಅವನು ಎಂದೂ ಕಂಡಿರಲಿಲ್ಲ. ಬಂಡಿಯ ಗಾಲಿಗೆ ಹಚ್ಚುವ ಕೀಲೆಣ್ಣೆಯಂತೆ ಮಿರಮಿರ ಮಿಂಚುತ್ತಿತ್ತು. ಕಡ್ಡಿಗೆ ಅಂಟಿಕೊಂಡದ್ದು ಜಾಡಿಸಿದರೂ ಬೀಳಲಿಲ್ಲ.

“ನೀರು ಹನಿಸು.”

ಹನಿಸಿದ. ಕಪ್ಪಿನ ಅಂಚಿನಿಂದ ನೀರು ಕೆಂಪಾಗಿ ಹರಿಯಿತು.



“ಅಜ್ಜಾರ... ರಕ್ತ.”

“ಜಠರದಾಗ ಸೋರಿದ್ದು. ಕೆಳಗಿಂದ ಬಂದಿದ್ರ ಕೆಂಪಗ ಬರ್ತಿತ್ತು. ಇದು ಒಳಗ ಬೆಂದು ಕರ್ರಗಾಗಿ ಬಂದೈತಿ. ಗಾಡಿ ಕಟ್ಟಿಸು, ಜಲ್ದಿ.”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ನೀಲವ್ವ ಹಿಟ್ಟಿನ ಪರಾತದ ಪಕ್ಕ ಬಿದ್ದಿದ್ದಳು. ಹಣೆಯಲ್ಲಿ ತಣ್ಣನೆಯ ಬೆವರು.

ಎತ್ತಿನ ಗಾಡಿಯಲ್ಲಿ ಡಾಂಬರು ರಸ್ತೆಯವರೆಗೆ, ಅಲ್ಲಿಂದ ಯಾರದೋ ಟೆಂಪೋದಲ್ಲಿ ಊರಿಗೆ. ದಾರಿಯುದ್ದಕ್ಕೂ ಅವಳ ತಲೆ ರಾಚಯ್ಯನ ತೊಡೆಯ ಮೇಲಿತ್ತು. ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ. ನಾಡಿ ಒಮ್ಮೊಮ್ಮೆ ಬೆರಳಿಗೆ ಸಿಗುತ್ತಿರಲಿಲ್ಲ. ಅಂಥ ಹೆದರಿಕೆ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಬಂದು ನೋಡಿದರು. ರಾಚಯ್ಯ ಲೋಹಭಸ್ಮದ ಮಾತು, ಕಪ್ಪಿನ ಮಾತು ಹೇಳಿದ. ಅವರು ರಕ್ತ ಏರಿಸಲು ಹೇಳಿ ಮತ್ತೆ ಅವನ ಕಡೆ ತಿರುಗಿದರು.

“ಬ್ಯಾರೆ ಗುಳಿಗಿ ಏನಾರ ತಗೋತಿದ್ರೇನು?”

ರಾಚಯ್ಯನಿಗೆ ಗೊತ್ತಿರಲಿಲ್ಲ. ನೀಲವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಮೊಣಕಾಲ ನೋವಿಂದು ರೀ. ಸಂತ್ಯಾಗ ತಂದಿದ್ದು. ಎದ್ದ ಕೂಡ್ಲೇ ಒಂದ ನುಂಗತಿದ್ದೆ.”

“ಖಾಲಿ ಹೊಟ್ಟ್ಯಾಗ?”

“ಹೌದ್ರಿ. ಎಲ್ಲಾರ ಊಟ ಆದ ಮ್ಯಾಲೆ ನನ್ನ ಊಟ.”

“ಅದರಿಂದನ ಜಠರದಾಗ ಹುಣ್ಣಾಗಿರಬೇಕು. ಈ ಕಪ್ಪು ಬಣ್ಣ ಎಂದಿನಿಂದ? ಭಸ್ಮ ಸುರು ಮಾಡೋಕಿಂತ ಮೊದಲೂ ಇತ್ತೇನು? ನಡುವ ಹೆಚ್ಚುಕಡಿಮಿ ಆಗಿತ್ತೇನು?”

ರಾಚಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಅಷ್ಟೂ ಬೆಳಗುಗಳಲ್ಲಿ ಅವನಿಗೆ ಕಂಡದ್ದು ಬೂದಿ.

ನೀಲವ್ವ ಅವನ ಕೈ ಮುಟ್ಟಿದಳು.

“ನನಗ ಇದೆಲ್ಲಾ ತಿಳಿಯೂದಿಲ್ರಿ. ನಮ್ಮ ಅಯ್ಯಾರ್ನ ಕೇಳ್ರಿ. ದಿನಾ ಅವರ ನೋಡ್ಯಾರ.”

ರಾಚಯ್ಯ ತಲೆ ತಗ್ಗಿಸಿದ. ಕಣ್ಣೀರು ಅವಳ ಕೈಯ ಮೇಲೆ ಬಿತ್ತು. ತನ್ನ ಮೇಲಿನ ಮರುಕಕ್ಕೆ ಅಳುತ್ತಿದ್ದಾನೆಂದು ಅವಳು ತಿಳಿದಳು. ಅವನನ್ನು ಸಮಾಧಾನ ಮಾಡತೊಡಗಿದಳು.

“ನೋಡಿಲ್ರಿ,” ಎಂದ ಡಾಕ್ಟರಮ್ಮನಿಗೆ. “ಒಂದ ದಿನಾನೂ ನಾ ನೋಡಿಲ್ಲ.”

ನೀಲವ್ವನ ಕೈ ಹಾಗೇ ನಿಂತಿತು. ಆದರೆ ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಬದುಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಕಪ್ಪು ತಿಳಿಯಾಗಿ, ಮುಖದ ಮೇಲೆ ಕಳೆ ಬಂದ ಮೇಲೆ ರಾಚಯ್ಯ ಅವಳನ್ನು ಮಠಕ್ಕೆ ಕರೆತಂದ. ಆ ದಿನಗಳಲ್ಲೆಲ್ಲ ಆಸ್ಪತ್ರೆಯಲ್ಲಿ ಅವಳ ಪಾತ್ರೆ ಎತ್ತಿದ್ದು, ನೋಡಿದ್ದು, ತೊಳೆದದ್ದು ಅವನೇ. ಅಲ್ಲಿಯ ಆಯಾ ಬೇಡವೆಂದರೂ ಬಿಡಲಿಲ್ಲ.

ಮಠಕ್ಕೆ ಬಂದವನು ತನ್ನ ಬಟ್ಟೆಬರೆ ಗಂಟು ಕಟ್ಟಿದ. ಅಜ್ಜ ಹೊಳೆಯ ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಹೋಗಿ ಕಾಲಿಗೆ ಬಿದ್ದ.

“ಹೊಂಟೀನ್ರಿ ಅಜ್ಜಾರ.”

“ಎಲ್ಲಿಗೆ? ವೈದ್ಯ ಆಗಾಕೇನು?”

“ಇಲ್ರಿ. ಅಣ್ಣನ ಹೊಲದಾಗ ದುಡೀತೀನಿ. ಆ ಕೆಲಸಕ್ಕ ನಾ ಲಾಯಕ್ ಅಲ್ಲ.”

ಅಜ್ಜ ಅವನ ಗಂಟಿನ ಕಡೆ ನೋಡಿದರು.

“ಒಂದ ಕೇಳ್ತೀನ್ರಿ. ಲೋಹ ಕೊಟ್ರ ಕರ್ರಗಾಗ್ತೈತಿ ಅಂತ ನೀವ ಕಲಿಸಿದ್ರಿ. ಅದು ಸುಳ್ಳೇನ್ರಿ?”

“ಖರೆ ಐತಿ.”

“ಮತ್ತ ನಾ ಎಲ್ಲಿ ತಪ್ಪಿದೆ?”

“ಗೊತ್ತಿಲ್ಲದಾಗ ಎಲ್ಲಾರೂ ನೋಡ್ತಾರ. ನಿನಗ ಗೊತ್ತಿತ್ತು.”

ಹೊಳೆಯ ಆಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ರಾಚಯ್ಯ ಅತ್ತ ನೋಡುತ್ತ ಕೂತ. ಕೊನೆಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟ.

“ನೀಲವ್ವ ಬಾಯಿಬಿಟ್ಟು ಹೇಳಾಕ ಬಂದಿದ್ಲು, ಅಜ್ಜಾರ. ನಾ ಬಾಯಿ ಮುಚ್ಚಿಸಿದೆ. ಊಟ ಕೆಡ್ತೈತಿ ಅಂತ. ಅಕಿ ನಾಚಿಕಿ ಬಿಟ್ಟು ಹೇಳಾಕ ಬಂದಿದ್ಲು.”

“ಹೂಂ.”

“ಇನ್ನ ನನ್ನ ಮುಂದ ಯಾರ ಬಂದು ಕೂಡ್ತಾರ್ರಿ? ಯಾರು ತಮ್ಮ ಮೈ ನನ್ನ ಕೈಗೆ ಕೊಡ್ತಾರ?”

 ಅಜ್ಜ ರಾಚಯ್ಯನ ಹೆಗಲ ಮೇಲೆ ಕೈಯೂರಿ ಎದ್ದರು. ಅವರು ಹಾಗೆ ಯಾರದಾದರೂ ಹೆಗಲು ಹಿಡಿದು ಏಳುವುದನ್ನು ರಾಚಯ್ಯ ಎಂದೂ ನೋಡಿರಲಿಲ್ಲ.

“ನನಗೂ ಸ್ವಲ್ಪ ದಿನದಿಂದ ಹೊಟ್ಟಿ ನೆಟ್ಟಗಿಲ್ಲ, ರಾಚಯ್ಯ,” ಎಂದರು ಅಜ್ಜ. “ಯಾರ ಮುಂದ ಹೇಳಾಕೂ ನಾಚಿಕಿ ಆಗಿತ್ತು. ಬಾ, ನೋಡು.”